ವಿಮಾನದ ದಾರಿಯ ಐದು ಕಲ್ಲು

1950ರ ಫೆಬ್ರುವರಿ 14, ಮಂಗಳವಾರ. ಬೆಳಿಗ್ಗೆ ಎಂಟೂವರೆಗೆ ಕಮಲಾಪುರದ ಪೊಲೀಸ್ ಪಾಟೀಲ ಸಾಯಬಣ್ಣ ಕಲಬುರಗಿಯ ಠಾಣೆಗೆ ಬಂದು ಫಿರ್ಯಾದು ಕೊಟ್ಟ. ಅಷ್ಟರಲ್ಲಿ ವಿಮಾನ ಇಲಾಖೆಯ ತಂತಿಯೂ ಬಂದು ಇನ್‌ಸ್ಪೆಕ್ಟರ್ ದೇವೀಂದ್ರಪ್ಪನ ಮೇಜಿನ ಮೇಲೆ ಬಿದ್ದಿತ್ತು.

ಸೊಲ್ಲಾಪುರದ ವಿಮಾನ ನಿಲ್ದಾಣದಿಂದ ಹೈದರಾಬಾದಿನ ಬೇಗಂಪೇಟೆಗೆ ಗಾಳಿಯ ದಾರಿ ಸುಮಾರು ನೂರಾ ಎಪ್ಪತ್ತು ಮೈಲು. ನಕ್ಷೆಯಲ್ಲಿ ಗೆರೆ ಎಳೆದರೆ ಅದು ಕಮಲಾಪುರದ ಗುಡ್ಡದ ಮೇಲೆ ಹಾಯುತ್ತದೆ. ಅಲ್ಲಿ ಸುಣ್ಣ ಬಳಿದ ಕಲ್ಲುಗಳನ್ನು ಜೋಡಿಸಿ, ಬೇಗಂಪೇಟೆಯ ಕಡೆಗೆ ತಲೆ ಮಾಡಿದ ದೊಡ್ಡ ಬಾಣವೊಂದನ್ನು ಇಲಾಖೆ ಮಾಡಿಸಿತ್ತು. ಅದು ಕಂಡಿತೆಂದರೆ ಇನ್ನು ನೂರು ಮೈಲು ಉಳಿಯಿತೆಂದು ಚಾಲಕನ ಲೆಕ್ಕ. ಭಾನುವಾರ ಮಧ್ಯಾಹ್ನ ಬಾಣದ ತಲೆಯೇ ಇರಲಿಲ್ಲ. ಧೂಳು ಮುಸುಕಿದ ಆಕಾಶದಿಂದ ಚಾಲಕನಿಗೆ ಬರೀ ಒಂದು ಬಿಳಿ ಗೆರೆ ಕಂಡಿತು. ಯಾವುದೋ ಹೊಲದ ಒಡ್ಡು ಎಂದುಕೊಂಡು ಬಾಣವನ್ನು ಹುಡುಕುತ್ತ ಸುತ್ತಿದ. ಪೆಟ್ರೋಲು ತೀರುತ್ತ ಬಂದಾಗ ಮಹಾಗಾಂವದ ಹತ್ತಿರ, ಜೋಳ ಕೊಯ್ದ ಹೊಲದಲ್ಲಿ ವಿಮಾನ ಇಳಿಸಿದ. ಒಳಗಿದ್ದ ಅಧಿಕಾರಿಯೊಬ್ಬನ ಕೈ ಮುರಿಯಿತು.

ಎಫ್‌ಐಆರ್ ದಾಖಲಾಯಿತು: ಸರ್ಕಾರಿ ಗುರುತಿನ ನಾಶ, ಕಲ್ಲುಗಳ ಕಳವು, ಜೀವಕ್ಕೆ ಅಪಾಯ.

"ಯಾರ ಮ್ಯಾಲರ ಸಂಶಯ ಅದ ಏನ್ರಿ?" ದೇವೀಂದ್ರಪ್ಪ ಕೇಳಿದ.

"ಸಂಶಯ ಯಾಕ್ರಿ ಸಾಹೇಬ್ರ, ಖಾತ್ರಿನೇ ಅದ. ಬಾಣಕ್ಕ ಸುಣ್ಣ ಬಳಿಯೋ ಮಕ್ಬೂಲ್. ರಜಾಕಾರರು ಹೋಗಿಲ್ರಿ, ಬರೇ ಟೊಪಿಗಿ ತೆಗದಾರ."

ಬಾಗಿಲಲ್ಲಿ ನಿಂತಿದ್ದ ಜವಾನ ಬಂದೇನವಾಜ್ ತನ್ನ ಬೂಟು ನೋಡಿಕೊಂಡ. ನಿಜಾಮನ ಕಾಲದಿಂದ ಪೊಲೀಸನಾಗಿದ್ದ ಅವನು 1948ರಲ್ಲಿ ಭಾರತದ ಫೌಜು ಬಂದು ನಿಜಾಮನನ್ನು ಮಣಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಮಾತು ಕಡಿಮೆ ಮಾಡಿದ್ದ.

ಮಧ್ಯಾಹ್ನಕ್ಕೆ ಮಕ್ಬೂಲನನ್ನು ತಂದು ಲಾಕಪ್ಪಿಗೆ ಹಾಕಿದರು. ಆ ದಿನಗಳಲ್ಲಿ ಮಕ್ಬೂಲ್ ಎಂಬ ಹೆಸರೇ ಅರ್ಧ ಸಾಕ್ಷಿ. ಉಳಿದರ್ಧವನ್ನು ಲಾಠಿ ಬರೆಯುತ್ತಿತ್ತು. ರಜಾಕಾರರ ಪಿತೂರಿ ಎಂದು ಕೋರ್ಟಿಗೆ ಹೋದರೆ ಅವನು ಊರಿಗೆ ಮರಳುವ ಮಾತೇ ಇರಲಿಲ್ಲ.

"ಕಲ್ಲು ಎಲ್ಲಿ ಒಗದಿ?"

"ನಾ ಮುಟ್ಟಿಲ್ರಿ."

"ಮತ್ಯಾರು ತೆಗದಾರ?"

ಮಕ್ಬೂಲ್ ಸುಮ್ಮನಾದ. ಮತ್ತೆರಡು ಏಟು ಬಿದ್ದರೂ ಸುಮ್ಮನಿದ್ದ. ಅವನು 'ಗೊತ್ತಿಲ್ಲ' ಎಂದು ಮಾತ್ರ ಹೇಳಲಿಲ್ಲ. ಅದು ದೇವೀಂದ್ರಪ್ಪನ ಮನಸ್ಸಿನಲ್ಲಿ ಚುಚ್ಚಿತು. ಲಾಠಿ ಕೆಳಗಿಡಿಸಿದ.

ಮರುದಿನ ಹತ್ತು ಗಂಟೆಗೆ, ಊರಿನ ಇಬ್ಬರು ಪಂಚರ ಎದುರು ಗುಡ್ಡದ ಮೇಲೆ ಸ್ಥಳ ಪಂಚನಾಮೆ ಶುರುವಾಯಿತು. ತಲೆಯ ಐದು ಕಲ್ಲು ಬಿಟ್ಟರೆ ಉಳಿದವು ಇದ್ದಲ್ಲೇ ಇದ್ದವು. ಇಳಿಜಾರಿನಲ್ಲಿ ಉರುಳಿಸಿದ ಗುರುತಿಲ್ಲ. ಕಾಲುದಾರಿಯ ಅಂಚಿನಲ್ಲಿ, ಸುಣ್ಣ ಮೆತ್ತಿದ ಹಳೆ ಸೀರೆಯ ಸಿಂಬಿಯೊಂದು ಬಿದ್ದಿತ್ತು. ಹೆಂಗಸರು ಕೊಡ ಹೊರುವಾಗ ತಲೆಗಿಡುವ ಸಿಂಬಿ.

ದೇವೀಂದ್ರಪ್ಪ ಅದನ್ನೆತ್ತಿ ಸಾಯಬಣ್ಣನಿಗೆ ತೋರಿಸಿದ. "ಪಾಟೀಲ್ರ, ನಿಮ್ಮೂರ ರಜಾಕಾರರು ತಲಿ ಮ್ಯಾಲ ಸಿಂಬಿ ಇಟ್ಕೊಂಡು ಅಡ್ಡಾಡ್ತಾರೇನ್ರಿ?"

ಸಾಯಬಣ್ಣ ರುಮಾಲು ಸರಿಪಡಿಸಿಕೊಂಡ. ಪಂಚರಲ್ಲೊಬ್ಬ ನಗು ನುಂಗಿದ.

ಸುಣ್ಣದ ಚೂರುಗಳು ಕಾಲುದಾರಿ ಹಿಡಿದು ಇಳಿದು ಹೊಲಗೇರಿಯ ಮಸಣಕ್ಕೆ ಕರೆದೊಯ್ದವು. ಐದು ಗೋರಿಗಳ ತಲೆಯ ಕಡೆ ಐದು ಬಿಳಿ ಕಲ್ಲು. ದುಂಡನೆಯವು, ನಡುವೆ ತೂತು. ಬೀಸುಕಲ್ಲಿನ ತಳಗಲ್ಲುಗಳು. ಗೋರಿಗೆ ಕಲ್ಲು ಕೆತ್ತಿಸಲಾಗದ ಮನೆಯವರು ಆ ಕೇರಿಯಲ್ಲಿ ತಮ್ಮ ಬೀಸುಕಲ್ಲನ್ನೇ ಸತ್ತವರ ತಲೆಗೆ ಇಡುತ್ತಿದ್ದರು.

"ಪಾಟೀಲ್ರ, ಬಾಣಕ್ಕ ಕಲ್ಲು ಎಲ್ಲಿಂದ ತರಿಸಿದ್ರಿ?"

"ಬೇವಾರಸಿ ಕಲ್ಲು ಕೂಡಸ್ರಿ ಅಂತ ಹುಕುಂ ಬಂದಿತ್ರಿ. ಇಲ್ಲಿ ಬಿದ್ದಿದ್ವು, ತರಿಸಿದೆ. ಹೊಲ್ಯಾರ ಗೋರಿ ಕಲ್ಲಿಗೆ ಯಾವ ವಾರಸದಾರ ಇರ್ತಾನ್ರಿ?"

"ನಾ ಅದೀನಿ."

ಎಲ್ಲರೂ ತಿರುಗಿ ನೋಡಿದರು. ಬೇವಿನ ಗಿಡದ ಕೆಳಗೆ ಕುಳಿತಿದ್ದ ಮುದುಕಿ ಮೊಣಕಾಲಿಗೆ ಕೈಯೂರಿ ಎದ್ದಳು. ಹೊಲಗೇರಿಯ ಬಂಡೆಮ್ಮ.

"ನೀ ಕದ್ದಿ ಏನು?" ದೇವೀಂದ್ರಪ್ಪ ಕೇಳಿದ.

"ಕದ್ದಿಲ್ರಿ. ಇದ್ದಲ್ಲಿಗೆ ಹೊಳ್ಳಿ ತಂದೀನಿ."

"ಇದರಾಗ ನಿಂದ್ಯಾವುದು?"

"ಇದು, ನನ್ನ ಮಗ ಮಾಪಣ್ಣಂದು. ಗಂಡನ ಮನಿಗೆ ಬಂದ ದಿನದಿಂದ ಇದರ ಮುಂದ ಕುಂತು ಜ್ವಾಳ ಬೀಸೀನಿ. ಸುಣ್ಣ ಬಳದ್ರ ಗುರ್ತು ಹತ್ತಂಗಿಲ್ಲೇನ್ರಿ?"

"ಮಗ ಹೆಂಗ ಸತ್ತ?"

"ರಜಾಕಾರರು ಬರೋ ಸುದ್ದಿ ಬಂತು. ಪಾಟೀಲ್ರು ಸೊಲ್ಲಾಪುರಕ್ಕ ಓಡಿದ್ರು. ಅವರ ವಾಡೆ ಮನಿ ಕಾಯಾಕ ನನ್ನ ಮಗನ್ನ ನಿಂದ್ರಿಸಿ ಹೋದ್ರು. ಅಂವ ಕಾದ."

ಸಾಯಬಣ್ಣ ಗುಡ್ಡದ ಕಡೆ ನೋಡುತ್ತ ನಿಂತ.

"ಉಳದ ನಾಲ್ಕು ಯಾಕ ತಂದಿ?"

"ಅವರ ಮನ್ಯಾಗ ಯಾರೂ ಉಳದಿಲ್ರಿ. ನಾ ಹೊರಲಿಲ್ಲಂದ್ರ ಯಾರು ಹೊರಬೇಕು?"

"ಮೊದಲು ಚಾವಡಿಗೆ ಹೋಗಿ ಹೇಳಬೇಕಿತ್ತು."

"ಎಷ್ಟೋ ಸಲ ಹೋದೆ. 'ಬೇವಾರಸಿ, ನಡಿ' ಅಂದ್ರು. ಕಲ್ಲಿಗೆ ಅಂದ್ರೋ ನನಗ ಅಂದ್ರೋ ತಿಳೀಲಿಲ್ರಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಮಕ್ಬೂಲನ್ನ ಯಾಕ ಒಯ್ದೀರಿ? ಅಂವ ಏನ್ ಮಾಡ್ಯಾನ? ನಾ ಹೊರೋದು ಕಂಡು ಸುಣ್ಣದ ಡಬ್ಬಿ ತಗೊಂಡು ಹೊಳ್ಳಿ ಹೋದ, ಅಷ್ಟ. ಇದಕ್ಕ ಕೇಸು ಅದ ಅಂದ್ರ ನನ್ನ ಹೆಸರು ಬರೀರಿ."

ಕಾನೂನಿನ ಪ್ರಕಾರ ಕಲ್ಲುಗಳು ಮುದ್ದೆಮಾಲು, ಕಳವಿನ ಸಾಕ್ಷ್ಯ. ಜಪ್ತಿ ಮಾಡಿ ಠಾಣೆಗೆ ಒಯ್ಯಬೇಕು. "ಎತ್ರಿ" ಎಂದರೆ ಪಂಚರು ಹಿಂದೆ ಸರಿದರು. ಹೊಲೆಯರ ಗೋರಿ ಮುಟ್ಟುವುದಿಲ್ಲವೆಂದರು. ಬಂದೇನವಾಜ್ ಬಗ್ಗಿ ಮಾಪಣ್ಣನ ಕಲ್ಲಿಗೆ ಕೈ ಹಾಕಿದವನು ಬಂಡೆಮ್ಮನ ಮುಖ ನೋಡಿ ಕೈ ತೆಗೆದ. ದೇವೀಂದ್ರಪ್ಪ ಪಂಚನಾಮೆಯ ಹಾಳೆ ತೆಗೆದು 'ಮುದ್ದೆಮಾಲನ್ನು ಇದ್ದಲ್ಲೇ ಜಪ್ತಿ ಮಾಡಿದೆ, ಕೋರ್ಟಿನ ಹುಕುಂ ಇಲ್ಲದೆ ಯಾರೂ ಅಲುಗಿಸಕೂಡದು' ಎಂದು ಬರೆದು, ಪಂಚರಿಂದ ಸಹಿ ಹಾಕಿಸಿದ. ಪಾಟೀಲನಿಗೂ ಓದಿ ಹೇಳಿದ. ಅದಕ್ಕಿಂತ ಹೆಚ್ಚಿನದೇನನ್ನೂ ಅವನು ಮಾಡಲಿಲ್ಲ. ಗೋರಿಯ ಕಲ್ಲು ಕಿತ್ತದ್ದಕ್ಕೆ ಫಿರ್ಯಾದಿರಲಿಲ್ಲ. ವಿಮಾನದ ಬಾಣಕ್ಕೆ ಇತ್ತು. ಸರ್ಕಾರ ಬದಲಾಗಿತ್ತು, ಫಿರ್ಯಾದು ಯಾರ ಬಾಯಿಂದ ಬಂದರೆ ಕೇಳಿಸುತ್ತದೆಂಬುದು ಬದಲಾಗಿರಲಿಲ್ಲ.

ಸಂಜೆ ನಾಲ್ಕಕ್ಕೆ ಬಂಡೆಮ್ಮನನ್ನು ದಸ್ತಗಿರಿ ಮಾಡಿ ಬಸ್ಸಿನಲ್ಲಿ ಕಲಬುರಗಿಗೆ ಕರೆತಂದರು.

ಲಾಕಪ್ಪಿನ ಬಾಗಿಲು ತೆರೆದಾಗ ಮಕ್ಬೂಲ್ ಗೋಡೆ ಹಿಡಿದು ಹೊರಬಂದ.

"ಅವ್ವಾ, ನೀ ಯಾಕ ಬಂದಿ?"

"ನಿನ್ನ ಸಲುವಾಗೇನ್ ಬಂದಿಲ್ಲೋ, ನನ್ನ ಕಲ್ಲಿನ ಸಲುವಾಗಿ ಬಂದೀನಿ. ಬೆನ್ನಿಗೆ ಅರಿಷಿಣ ಎಣ್ಣಿ ಹಚ್ಚಿಸ್ಕೊ, ನಡಿ."

"ಯಾಕ ಹೇಳಲಿಲ್ಲೋ ನೀ?" ದೇವೀಂದ್ರಪ್ಪ ಕೇಳಿದ.

"ಫೌಜು ಬಂದಾಗ ನಮ್ಮ ಮಂದೀನ್ನ ಹುಡಿಕಿ ಹುಡಿಕಿ ಕೊಂದ್ರು ಸಾಹೇಬ್ರ. ಈಕಿ ನನ್ನನ್ನ ತನ್ನ ಸಗಣಿ ಕುಳ್ಳಿನ ಬಣವಿಯಾಗ ಮುಚ್ಚಿಟ್ಟು ಬಾಗಲದಾಗ ಕುಂತಿದ್ಳು. ಆಗ ಈಕಿ ಮಗ ಸತ್ತು ತಿಂಗಳಾಗಿದ್ದಿಲ್ಲ. ಅದೂ ನಮ್ಮವರ ಕೈಲೇ."

ಬಂದೇನವಾಜ್ ಅವನ ತೋಳು ಹಿಡಿದು ಮೆಟ್ಟಿಲು ಇಳಿಸಿದ.

ಆರೋಪಿಯ ಹೇಳಿಕೆ ಬರೆಯುವುದು ಬಾಕಿಯಿತ್ತು.

"ಅದು ವಿಮಾನಕ್ಕ ದಾರಿ ತೋರ್ಸೋ ಗುರ್ತು ಅಂತ ಗೊತ್ತಿತ್ತೇನು?"

"ನಮಗ್ಯಾರು ಹೇಳ್ತಾರ್ರಿ? ಆ ಕೈ ಮುರದ ಸಾಹೇಬ್ರು ಹೆಂಗದಾರ?"

"ಆರಾಮ ಆಗ್ತಾರ. ಗೊತ್ತಿದ್ರ ಏನ್ ಮಾಡ್ತಿದ್ದಿ?"

ಬಂಡೆಮ್ಮ ಯೋಚಿಸಲಿಲ್ಲ. "ಹಳ್ಳದಾಗಿನ ಬ್ಯಾರೆ ಐದು ಕಲ್ಲು ಹೊತ್ತು ಅಲ್ಲಿಟ್ಟು, ಆಮ್ಯಾಲ ನಮ್ಮವು ತರ್ತಿದ್ದೆ."