ಟೋಪಿ ಮಾವನ ನಗು

ಹಲ್ಲಿನ ಸೆಟ್ಟು ಕಟ್ಟುವುದರಲ್ಲೇ ನಲವತ್ತು ವರ್ಷ ಸವೆಸಿದವನಿಗೆ ಹೊಟ್ಟೆಕಿಚ್ಚು ಹತ್ತಿಸಿದವನು ಒಬ್ಬ ಮೊಳದುದ್ದದ ಮಣ್ಣಿನ ಮುದುಕ. ಕೆಂಪು ಚೂಪು ಟೋಪಿ, ಬಿಳಿ ಗಡ್ಡ, ಬಾಯ್ತುಂಬ ನಗು. ಪಕ್ಕದ ಮನೆಯ ಅತ್ತಿಗೆಯ ಹೂದೋಟದಲ್ಲಿ ನಿಂತ ಆ ಕುಳ್ಳ ಬೊಂಬೆಗೆ ಟೋಪಿ ಮಾವ ಎಂದು ಹೆಸರು. ಇವನ ತೋಟದಲ್ಲೂ ಅಂಥ ಹತ್ತೊಂಬತ್ತು ಕುಳ್ಳರಿದ್ದರು. ಆದರೆ ಭಾನುವಾರ, ಇವನೂ ಸದಸ್ಯನಾಗಿದ್ದ ಕುಳ್ಳರ ಅಭಿಮಾನಿ ಸಂಘದವರು ಬಂದರೆ ಇವನ ಗೇಟಿನ ಮುಂದೆಯೇ ಹಾದು ಸೀದಾ ಅಲ್ಲಿಗೇ ಹೋಗಿ, ಟೋಪಿ ಮಾವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಫೋಟೊ ಹೊಡೆಸಿಕೊಳ್ಳುತ್ತಿದ್ದರು. ಒಂದೇ ಒಂದು ವಾರಕ್ಕೆ ಕೊಡಿ ಎಂದು ಕೇಳಿದ್ದಕ್ಕೆ ಅತ್ತಿಗೆ, "ಬೇಕಾದ್ರೆ ನನ್ನ ಹಲ್ಲು ಬಿಚ್ಚಿ ಕೊಡ್ತೀನಿ, ಅವನನ್ನ ಮಾತ್ರ ಕೇಳ್ಬೇಡಪ್ಪ" ಎಂದುಬಿಟ್ಟಿದ್ದರು. ಆ ಹಲ್ಲನ್ನೂ ಕಟ್ಟಿಕೊಟ್ಟವನು ಇವನೇ.

ಗಿಡಗಳಿಗೆ ನೀರು ಹಾಕಲು ಇವನಿಗೇ ಹೇಳಿ ಅತ್ತಿಗೆ ಎಂಟು ದಿನ ಮಗಳ ಮನೆಗೆ ಹೋದರು. ಅಷ್ಟು ಸಾಕಿತ್ತು. ಸಿಕ್ಕಿಬಿದ್ದರೆ ಸಂಘವೂ ಇಲ್ಲ, ಅತ್ತಿಗೆಯ ಮನೆಯ ಊಟವೂ ಇಲ್ಲ. ಆದ್ದರಿಂದ ಸಿಕ್ಕಿಬೀಳುವ ಮಾತೇ ಇಲ್ಲ. ಟೋಪಿ ಮಾವನನ್ನು ಬಕೆಟ್ಟಿನಲ್ಲಿ ಕೂರಿಸಿ, ಹಾಡಹಗಲೇ, ಎದುರು ಬಂದ ಅಂಚೆಯವನ ಕ್ಷೇಮ ವಿಚಾರಿಸುತ್ತ ತನ್ನ ಕೆಲಸದ ಕೋಣೆಗೆ ತಂದ. ವಸಡಿನ ಅಚ್ಚು ತೆಗೆಯುವ ಮೆತ್ತನೆಯ ಮುದ್ದೆಯನ್ನು ಅವನ ಮೈತುಂಬ ಮೆತ್ತಿದ. ಅಚ್ಚಿಗೆ ಪ್ಲಾಸ್ಟರ್ ಹುಯ್ದ. ಟೋಪಿಯ ಬಿರುಕು, ಬೂಟಿನ ಪಾಚಿ, ಬೆನ್ನ ಮೇಲಿನ ಹಕ್ಕಿ ಹಿಕ್ಕೆ, ಒಂದನ್ನೂ ಬಿಡಲಿಲ್ಲ. ಬಿಸಿಲಿಗೆ ಮಾಸಿದ ಬಣ್ಣ ಬರಲೆಂದು ಚಹಾದ ಡಿಕಾಕ್ಷನ್ ಬಳಿದ. ಬಾಯಿಯನ್ನು ಕಡೆಗೆಂದೇ ಉಳಿಸಿಕೊಂಡಿದ್ದ. ಅದು ಇವನ ಸ್ವಂತ ಸಾಮ್ರಾಜ್ಯ. ಸೀಟಿ ಹೊಡೆಯುತ್ತ, ಮೈಮರೆತು ಮುಗಿಸಿದ.

ನಕಲನ್ನೇ ತಾನಿಟ್ಟುಕೊಳ್ಳಬಹುದಿತ್ತಲ್ಲ ಎನ್ನುವವರು ಕುಳ್ಳರನ್ನು ಪ್ರೀತಿಸಿದವರಲ್ಲ. ನಕಲು ಅತ್ತಿಗೆಯ ಹೂದೋಟ ಸೇರಿತು; ಅಸಲಿ ಟೋಪಿ ಮಾವ ಈಗ ಇವನ ಬೀರುವಿನಲ್ಲಿ, ಅಂಗಿಗಳ ಹಿಂದೆ ನಿಂತಿದ್ದ. "ಏನ್ ಮಾವ, ನಿದ್ದೆ ಬಂತಾ?" ಎಂದು ಬೆಳಗ್ಗೆ ಕೇಳುವಾಗ ಇವನ ಎದೆ ಉಬ್ಬಿಬರುತ್ತಿತ್ತು.

ಅತ್ತಿಗೆ ಊರಿಂದ ವಾಪಸಾದ ಮೇಲಿನ ಭಾನುವಾರ ಸಂಘದವರು ಬಂದರು. ಅತ್ತಿಗೆಗೇ ಟೋಪಿ ಹಾಕಿದೆನಲ್ಲ ಎಂದು ಒಳಗೊಳಗೇ ಬೀಗುತ್ತ ಇವನು ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತ. ಯಾರೂ ಫೋಟೊ ಹೊಡೆಸಿಕೊಳ್ಳಲಿಲ್ಲ. ಎಲ್ಲರೂ ಬಗ್ಗಿ ಬಗ್ಗಿ ಕುಳ್ಳನ ಬಾಯಿಯನ್ನೇ ನೋಡುತ್ತಿದ್ದರು. ಅತ್ತಿಗೆ ನಿಧಾನವಾಗಿ ಇವನತ್ತ ತಿರುಗಿದರು. "ಅಲ್ಲಪ್ಪ, ಇವನಿಗೆ ಮುಂದಿನ ಎರಡು ಹಲ್ಲೇ ಇರ್ಲಿಲ್ಲ. ಆ ಬೊಚ್ಚುನಗು ನೋಡೋಕೇ ಇವರೆಲ್ಲ ಬರ್ತಿದ್ದಿದ್ದು." ನಲವತ್ತು ವರ್ಷ ಸಂದಿ ಕಂಡಲ್ಲೆಲ್ಲ ಹಲ್ಲು ಕೂರಿಸಿದ ಕೈ, ಇವನನ್ನು ಒಂದು ಮಾತೂ ಕೇಳದೆ ಅಲ್ಲೂ ಎರಡನ್ನು ಕೂರಿಸಿಬಿಟ್ಟಿತ್ತು. ಅತ್ತಿಗೆ ಇನ್ನೂ ಇವನನ್ನೇ ನೋಡುತ್ತಿದ್ದರು. "ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ನೋಡು. ನಮ್ಮ ಬೀದೀಲಿ ಈ ಕೆಲಸ ಬರೋರು ಯಾರಪ್ಪ?"