ಅವರನ್ನೇ ಕೇಳಬಹುದಿತ್ತು...

"ಅಣ್ಣಾರ, ಇಲ್ಲಿ ಸಂಗಮೇಶ್ ಅಂತ ಅದಾರಂತಲ್ರಿ, ಸಿರುಗುಪ್ಪದಾಗ ಭತ್ತದ ದಲ್ಲಾಳಿ ಅಂಗಡಿ ಇಟ್ಟಿದ್ರಂತ... ಮನುಷ್ಯ ಹೆಂಗ್ರಿ?"

ಕುರುಗೋಡು ಬಸ್‌ಸ್ಟ್ಯಾಂಡಿನ ಎದುರಿನ ಮಿರ್ಚಿ ಅಂಗಡಿಯ ಬೆಂಚಿನಲ್ಲಿ ಕುಳಿತ ಅರುಣಾ ಹೀಗೆ ಕೇಳಿದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಾಯಿಗೆ ಒಯ್ಯುತ್ತಿದ್ದ ಮಂಡಕ್ಕಿ ಒಗ್ಗಾಣಿಯನ್ನು ತಟ್ಟೆಗೆ ಇಳಿಸಿದರು.

"ಯಾಕ್ರಿ ಅಕ್ಕಾರ? ಸಂಬಂಧ ನೋಡಾಕ ಬಂದೀರೇನು?"

"ಹೂನ್ರಿ... ನಮ್ಮ ಬಳಗದಾಕಿ ಒಬ್ಬಾಕಿಗೆ."

ಸುಳ್ಳು! ಆ ಬಳಗದಾಕಿ ಬೇರೆ ಯಾರೂ ಅಲ್ಲ, ಇವಳೇ. ಐವತ್ತು ದಾಟಿದ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ, ಬಳ್ಳಾರಿಯ ಗಾಂಧಿನಗರದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಶೆಡ್ಡು ನಡೆಸುವ ಅರುಣಾ.

ಹೆಣ್ಣು ಕೊಡುವ ಮೊದಲು ಗಂಡಿನ ಊರಿಗೆ ಯಾರಾದರೂ ಹೋಗಿ ಗುಟ್ಟಾಗಿ ವಿಚಾರ ಮಾಡಿಕೊಂಡು ಬರುವುದು ಈ ಕಡೆಯ ಪದ್ಧತಿ. ಇವಳ ಪರವಾಗಿ ಹೋಗಲು ಅಪ್ಪನಿಲ್ಲ. ಅಣ್ಣನ ಮುಂದೆ ಬಾಯಿ ಬಿಡಲು ಧೈರ್ಯವಿಲ್ಲ. ಅದಕ್ಕೇ ಮಹಾತಾಯಿ ತನ್ನ ಸಂಬಂಧದ ವಿಚಾರಕ್ಕೆ ತಾನೇ ಬಸ್ಸು ಹತ್ತಿ ಬಂದಿದ್ದಳು!

"ಮನುಷ್ಯ ಪರವಾಗಿಲ್ರಿ," ಅಂದರು ಅವರು. "ಕುಡಿಯಂಗಿಲ್ಲ. ಸಿಟ್ಟು ಸ್ವಲ್ಪ ಐತಿ. ಹೆಂಡ್ತಿ ತೀರಿಕೊಂಡ ಮ್ಯಾಲೆ ಅಡಿಗಿ ಕಲ್ತಾನ. ಆದ್ರ ಅವನ ಸಾರು ಬಾಯಾಗ ಇಡಾಕ ಆಗಂಗಿಲ್ಲ."

"ಛಲೋ ನಡಿಯೋ ಅಂಗಡಿ ಮುಚ್ಚ್ಯಾರಂತಲ್ರಿ! ತಲಿ ಸರಿ ಐತೇನು?"

"ದುಡಿದಿದ್ದು ಸಾಕು ಅನ್ನಿಸಿತಂತ್ರಿ."

"ಸಾಕು ಅಂದ್ರ? ಕೈಯಾಗ ಏನಾರ ಐತೋ, ಇಲ್ಲಾ..."

ಅಷ್ಟರಲ್ಲಿ ಬಾಣಲೆಯ ಹಿಂದಿನಿಂದ ಅಂಗಡಿಯವನು ಕೂಗಿದ. "ಸಂಗಮೇಶಣ್ಣಾ, ಇನ್ನೊಂದು ಮಿರ್ಚಿ ಹಾಕ್ಲೇನ್ರಿ?"

ಅಯ್ಯೋ ಶಿವನೇ!

ಅರುಣಾಳ ಕಿವಿ ಬಿಸಿಯಾದವು. ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಾ ಕುಳಿತುಬಿಟ್ಟಳು.

"ಅಕ್ಕಾರಿಗೂ ಒಂದು ಪ್ಲೇಟು ಕೊಡಪ್ಪ," ಅಂದರು ಸಂಗಮೇಶ್, ನಗು ತಡೆಯುತ್ತಾ. "ವಿಚಾರ ಇನ್ನಾ ಅರ್ಧಾನ ಆಗೈತಿ."

ಅವಳಿಗೂ ನಗು ಬಂದುಬಿಟ್ಟಿತು. ಎಷ್ಟು ವರ್ಷವಾಗಿತ್ತೋ, ಒಬ್ಬ ಗಂಡಸಿನ ಪಕ್ಕದಲ್ಲಿ ಕುಳಿತು ಹಾಗೆ ನಕ್ಕು!

*

ಶೆಡ್ಡಿನ ಹಿರಿಯ ಹೊಲಿಗೆಯವಳು, ಕುರುಗೋಡಿನ ಹೊನ್ನೂರಮ್ಮನೇ ಈ ಸಂಬಂಧ ಹೇಳಿದವಳು. ಆಮೇಲಿನ ಗುಟ್ಟನ್ನು ಕಾಪಾಡಿದವಳೂ ಅವಳೊಬ್ಬಳೇ. ಸಂಗಮೇಶ್ ಏನಾದರೊಂದು ನೆಪ ಮಾಡಿಕೊಂಡು ಬಳ್ಳಾರಿಗೆ ಬರುತ್ತಿದ್ದರು. ಇಬ್ಬರೂ ಮದುವೆಗೆ ಒಪ್ಪಿದ್ದೂ ಆಯಿತು.

ಆದರೆ ದಿನ ಗೊತ್ತು ಮಾಡುವ ಮಾತು ಬಂದರೆ ಅರುಣಾ ಜಾರಿಕೊಳ್ಳುತ್ತಿದ್ದಳು.

"ಈ ದಸರಾ ಸೀಸನ್ ಒಂದು ಮುಗೀಲ್ರಿ. ಇನ್ನೊಂದೀಟು ಕೂಡಿಸ್ತೀನಿ, ಆಮ್ಯಾಲೆ ಶೆಡ್ಡು ಬಿಡ್ತೀನಿ."

ದಸರಾ ಹೋಗಿ ಯುಗಾದಿ ಬಂತು. ಯುಗಾದಿ ಹೋಗಿ ಮತ್ತೆ ದಸರಾ ಬಂತು. ಇಷ್ಟಾದರೆ ಸಾಕು ಎಂದು ತಾನೇ ಹಾಕಿಕೊಂಡ ಮೊತ್ತ ಮುಟ್ಟಿದ ದಿನವೇ ಅವಳು ಅದನ್ನು ಇನ್ನಷ್ಟು ಮೇಲಕ್ಕೇರಿಸಿದಳು. ಮಷಿನ್ ಮುಂದೆ ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಿತ್ತು. ಡಾಕ್ಟರು ಕೂರಬೇಡಿ ಅಂದಿದ್ದರು. ಕೇಳುವವರು ಯಾರು?

"ಅರುಣಾ ಅವ್ರ, ನಾ ಕಾಯ್ತೀನ್ರಿ," ಅಂದರು ಒಂದು ದಿನ ಸಂಗಮೇಶ್. "ಆದ್ರ ನಾವಿಬ್ರೂ ಕಾಯೋ ವಯಸ್ಸಿನಾಗ ಇಲ್ಲ. ಎಷ್ಟಾದ್ರ ನಿಮಗ ಸಾಕು? ಹೇಳ್ರಿ."

ಎಷ್ಟೆಂದು ಹೇಳಿಯಾಳು? ಅವಳ ಕಣ್ಣ ಮುಂದೆ ಅವ್ವ ವಿರೂಪಮ್ಮ ಬಂದು ನಿಂತಿದ್ದಳು. ಕೊನೆಗಾಲದಲ್ಲಿ ಗುಳಿಗೆಯ ದುಡ್ಡಿಗೆ ಸೊಸೆಯ ಮುಂದೆ ಕೈಚಾಚುವ ಮೊದಲು ಆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದ ಅವ್ವ... ನನಗೆ ಆ ಗತಿ ಬರಬಾರದು. ಯಾರ ಮುಂದೂ, ಗಂಡನ ಮುಂದೂ!

ಆದರೂ ಆ ಸಲ ಮನಸ್ಸು ಅರ್ಧ ಒಪ್ಪಿತ್ತು. ಇನ್ನರ್ಧ ಮಾತ್ರ ಕುಟುಕುತ್ತಲೇ ಇತ್ತು. 'ಇಬ್ಬರೂ ದುಡಿಮೆ ಬಿಟ್ಟು ಕುಳಿತರೆ ನಡೆಯುತ್ತದೆಯೇ? ಅವರ ಹತ್ತಿರ ಎಷ್ಟಿದೆಯೋ ಏನೋ...'

ಅವರನ್ನೇ ಕೇಳಬಹುದಿತ್ತು. ಬೆಂಚಿನ ಮೇಲೆ ಯಾರೋ ಅಂದುಕೊಂಡು ಸಲೀಸಾಗಿ ಕೇಳಿದ ಬಾಯಿ, ಈಗ ಮನಸ್ಸಿಗೆ ಹತ್ತಿರವಾದ ಮನುಷ್ಯನ ಮುಂದೆ ಕಟ್ಟಿಹೋಗಿತ್ತು. ಅದಕ್ಕೇ ಅವಳು ಮಾಡಬಾರದ ಕೆಲಸ ಮಾಡಿದಳು. ಒಪ್ಪಿಗೆಯಾದ ಮೇಲೆ ಗಂಡಿನ ವಿಚಾರ ಮಾಡಿಸುವುದೆಂದರೆ ಅವನ ಮುಖಕ್ಕೆ ಹೊಡೆದಂತೆ ಎಂದು ಗೊತ್ತಿದ್ದೂ, ಶೆಡ್ಡಿನ ಮಾಲು ಸಾಗಿಸುವ ಆಟೋದ ಗಾಳೆಪ್ಪನನ್ನು ಸಿರುಗುಪ್ಪಕ್ಕೆ ಕಳಿಸಿದಳು.

"ಗುಟ್ಟಾಗಿ ಕೇಳ್ಕೊಂಡು ಬಾ, ಗಾಳೆಪ್ಪ."

ಗಾಳೆಪ್ಪನಿಗೂ ಗುಟ್ಟಿಗೂ ಎಲ್ಲಿಯ ನಂಟು! ರೈಸ್ ಮಿಲ್ಲಿನ ಅಂಗಳದಲ್ಲಿ ಹಮಾಲರ ನಡುವೆ ನಿಂತು ಗಟ್ಟಿಯಾಗಿಯೇ ಕೇಳಿದ. "ಸಂಗಮೇಶ್ ಸಾಹುಕಾರ್ರ ಕೈಯಾಗ ರೊಕ್ಕ ಐತೇನ್ರಿ, ಖಾಲಿ ಆಗೈತೇನ್ರಿ?"

ರಾರಾವಿಯ ಕಡೆಯ ಎಷ್ಟೋ ರೈತರು ಭತ್ತ ಮಾರಿದ ದುಡ್ಡನ್ನು ಅಂಗಡಿ ಮುಚ್ಚಿದ ಮೇಲೂ ಸಂಗಮೇಶರ ಹತ್ತಿರವೇ ಬಿಟ್ಟಿದ್ದರು. ಮದುವೆಗೋ ಆಸ್ಪತ್ರೆಗೋ ಬೇಕಾದಾಗ ಒಯ್ಯುವುದು ರೂಢಿ. ಬಳ್ಳಾರಿಯಿಂದ ಯಾರೋ ಬಂದು ಹೀಗೆ ವಿಚಾರಿಸುತ್ತಿದ್ದಾರೆ ಎಂದರೆ ಪೇಟೆಯಲ್ಲಿ ಅದಕ್ಕೆ ಒಂದೇ ಅರ್ಥ... ಸಾಹುಕಾರ ಮುಳುಗಿದ!

ಮರುದಿನ ಬೆಳಿಗ್ಗೆ ಕುರುಗೋಡಿನ ಅವರ ಮನೆ ಬಾಗಿಲಲ್ಲಿ ತಮ್ಮ ದುಡ್ಡು ಕೇಳಲು ಬಂದ ಜನವೋ ಜನ.

"ಅಕ್ಕಾ, ಬಂದೋರಿಗೆಲ್ಲಾ ಕೊಟ್ರಂತ," ಎನ್ನುತ್ತಾ ಶೆಡ್ಡಿಗೆ ಬಂದ ಹೊನ್ನೂರಮ್ಮ ಕಣ್ಣೊರೆಸಿಕೊಂಡಳು. "ಯಾರ ರೊಕ್ಕಾನೂ ಮುಟ್ಟಿರ್ಲಿಲ್ಲ, ಹಂಗ ಬ್ಯಾಂಕಿನಾಗ ಇಟ್ಟಿದ್ರಂತ. ಆದ್ರ ಜೀವಮಾನದಾಗ ನನ್ನ ಬಾಗಿಲಿಗೆ ಯಾರೂ ಹಿಂಗ ಬಂದಿರ್ಲಿಲ್ಲ ಅಂತ ಕುಂತುಬಿಟ್ರಂತವ್ವ! ಯಾವ ಪಾಪಿ ಈ ಸುದ್ದಿ ಹಬ್ಬಿಸ್ಯಾನೋ!"

ಆ ಪಾಪಿ ಇಲ್ಲೇ, ಕತ್ತರಿ ಹಿಡಿದು ನಿಂತಿದ್ದಳು.

ಸಂಜೆ ಫೋನು ಬಂತು.

"ಗಾಳೆಪ್ಪ ನಿಮ್ಮ ಆಟೋದವನಲ್ರಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ!

"...ಹೌದ್ರಿ."

"ನನ್ನ ಕೇಳಿದ್ರ ಹೇಳ್ತಿದ್ನಲ್ಲ, ಅರುಣಾ ಅವ್ರ."

ಫೋನು ಕಟ್ಟಾಯಿತು.

ನಾಚಿಕೆ ಎಂದರೆ ಏನೆಂದು ಅರುಣಾಳಿಗೆ ಅಂದು ಗೊತ್ತಾಯಿತು. ಊಟ ಸೇರಲಿಲ್ಲ. ಕನ್ನಡಿ ನೋಡಲಾಗಲಿಲ್ಲ. ಅವ್ವನಿಗಾದ ಅವಮಾನ ನನಗಾಗಬಾರದೆಂದು ಕಾದು ಕಾದು, ಅದನ್ನು ಒಯ್ದು ಅವರ ಬಾಗಿಲಿಗೇ ಸುರಿದೆನಲ್ಲ!

ಫೋನಿನಲ್ಲಿ ಕ್ಷಮೆ ಕೇಳಿದರೆ ಸಾಕೇ? ಅವರ ಹೆಸರು ಹಾಳಾದದ್ದು ಹತ್ತು ಜನರ ನಡುವೆ.

*

ಮರುದಿನ ಅವಳು ಸಿರುಗುಪ್ಪದ ಬಸ್ಸು ಹತ್ತಿದಳು.

ಮಿಲ್ಲಿನ ಅಂಗಳದಲ್ಲಿ ಸಂಗಮೇಶ್ ಇದ್ದರು. ಕುರುಗೋಡಿಗೆ ಬರಲಾಗದ ರಾರಾವಿಯ ಮುದುಕ ದುರುಗಪ್ಪನೊಬ್ಬನಿಗೆ ಕೊಡುವುದು ಉಳಿದಿತ್ತು, ಅದಕ್ಕೇ ಬಂದಿದ್ದರು. ಅವಳನ್ನು ಕಂಡದ್ದೇ ಸಂಗಮೇಶ್ ಮುಖ ತಿರುಗಿಸಿದರು. ಆದರೂ ಅಂಗಳದ ನಡುವೆ ಹೋಗಿ ನಿಂತಳು.

"ಅಣ್ಣಾರ, ಸ್ವಲ್ಪ ಕೇಳ್ರಿ! ಗಾಳೆಪ್ಪನ್ನ ಕಳ್ಸಿದಾಕಿ ನಾನು!"

ಚೀಲ ಹೊತ್ತವರು ಹೊತ್ತಂತೆಯೇ ನಿಂತರು.

"ಇವ್ರು ಮುಳುಗಿಲ್ರಿ. ಇವ್ರು ಯಾರಿಗೂ ಮೋಸ ಮಾಡಿಲ್ಲ. ನಾನು... ನಾನು ಇವ್ರನ್ನ ಮದುವಿ ಆಗಾಕ ಹೊಂಟಾಕಿ. ಅದಕ್ಕ ಸಂಬಂಧದ ವಿಚಾರ ಮಾಡ್ಸಿದೆ. ತಪ್ಪು ನಂದು!"

ಅಣ್ಣನಿಗೂ ಹೇಳದ ಮಾತನ್ನು ಇಡೀ ಪೇಟೆಗೆ ಕೂಗಿ ಹೇಳಿದ್ದಳು! ಯಾರೋ ಕಿಸಕ್ಕನೆ ನಕ್ಕರು. "ಈ ವಯಸ್ಸಿನಾಗ..." ಅಂದರು ಇನ್ನೊಬ್ಬರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅರುಣಾಳಿಗೆ.

ದುರುಗಪ್ಪ ಕೈಯಲ್ಲಿದ್ದ ನೋಟಿನ ಕಟ್ಟನ್ನು ಸಂಗಮೇಶರ ಕಡೆ ಚಾಚಿದ. "ತಪ್ಪಾತ್ರಿ ಸಾಹುಕಾರ್ರ. ಇದು ನಿಮ್ಮ ಹತ್ರಾನ ಇರ್ಲಿ."

"ಬ್ಯಾಡಪ್ಪ, ಇನ್ನ ಬ್ಯಾಂಕಿನಾಗ ನೀನ ಇಟ್ಕೋ," ಎಂದರು ಅವರು. ಆಮೇಲೆ ಅವಳತ್ತ ನೋಡಿದರು. "ಬರ್ರಿ. ಬಿಸಿಲಾಗ ಎಷ್ಟೊತ್ತು ನಿಲ್ತೀರಿ?"

ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದರು. ನೆರಳಿನಲ್ಲಿ ಕುಳಿತ ಮೇಲೆ ಅವಳು ಅವ್ವನ ಕಥೆ ಹೇಳಿದಳು, ಕೈ ಒರೆಸಿಕೊಳ್ಳುತ್ತಿದ್ದುದನ್ನೂ ಬಿಡದೆ. ಹೇಳುತ್ತಾ ಅತ್ತುಬಿಟ್ಟಳು.

"ಎಷ್ಟು ಕೂಡಿಸಿದ್ರೂ ಅಂಜಿಕಿ ಹೋಗವಲ್ದ್ರಿ. ಸಾಕು ಅನ್ನಾಕ ಬಾಯೇ ಬರಂಗಿಲ್ಲ."

"ನನಗೂ ಅಂಜಿಕಿ ಐತಿ," ಅಂದರು ಅವರು ಮೆಲ್ಲಗೆ. "ಅಂಗಡಿ ಮುಚ್ಚಿದ ದಿನಾನೂ ಇತ್ತು. ಅದು ಪೂರ್ತಿ ಹೋಗ್ಲಿ ಅಂತ ಕುಂತಿದ್ರ, ಗಲ್ಲಾ ಮ್ಯಾಲೇ ಸಾಯ್ತಿದ್ದೆ."

ಆಮೇಲೆ ತಮ್ಮ ಹತ್ತಿರ ಎಷ್ಟಿದೆ ಎಂದು ಬಾಯಿಬಿಟ್ಟು ಹೇಳಿದರು. ಅವಳೂ ಹೇಳಿದಳು. ಅವಳದೇ ಹೆಚ್ಚಿತ್ತು! ಅವಳಿಗೆ ತಲೆ ಎತ್ತಲಾಗಲಿಲ್ಲ.

"ಎರಡೂ ಕೂಡಿದ್ರ ಊಟಕ್ಕ, ಗುಳಿಗಿಗೆ ಕೊರತಿ ಇಲ್ಲ," ಅಂದರು ಸಂಗಮೇಶ್.

"ಮುಂದ ಯಾವಾಗರ ಕಡಿಮಿ ಬಿದ್ರ?"

"ನನ್ನ ಕೇಳು. ನಾನೂ ನಿನ್ನ ಕೇಳ್ತೀನಿ. ನಮ್ಮಿಬ್ಬರ ನಡುವ ಎಂಥಾ ನಾಚಿಕಿ?"

ನಿನ್ನ! ಮೊದಲ ಸಲ ಅವರ ಬಾಯಲ್ಲಿ ಆ ಮಾತು. ಅವಳು ಕಣ್ಣೊರೆಸಿಕೊಂಡು ಅವರನ್ನು ನೇರವಾಗಿ ನೋಡಿದಳು.

"ಹಂಗಾರ ಈಗ ಒಂದು ಕೇಳ್ಲೇನ್ರಿ?"

"ಕೇಳು."

"ಈ ಸಲ ದಸರಾ ಸೀಸನ್ ಬರೋದ್ರಾಗ ಮದುವಿ ಮಾಡ್ಕೊಳ್ಳೋಣೇನ್ರಿ? ಶೆಡ್ಡು ಹೊನ್ನೂರಮ್ಮ ನೋಡ್ಕೊಳ್ಲಿ. ನನಗ... ಸಾಕು."

ಸಂಗಮೇಶ್ ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಅಯ್ಯ, ಬಿಡ್ರಿ... ಎಲ್ರೂ ನೋಡಾಕತ್ತಾರ!"

"ನೋಡ್ಲಿ ಬಿಡು. ಊರಿಗೆಲ್ಲಾ ನೀನ ಹೇಳೀದಿ."