ಎಂಟನೇ ಗಂಟೆಯ ಸೀಸೆ

ಹಬೆ ಪೈಪಿನ ಬಾಯಿಗೂ ನನ್ನ ಮೂಗಿಗೂ ನಡುವೆ ಒಂದು ಗೇಣು ಜಾಗವಿತ್ತು.

ಪೈಪ್ ಹಿಡಿದವನು ಯಜಮಾನರ ಅಳಿಯ. ಬಿಳಿ ಗಂಬೂಟು, ಇಸ್ತ್ರಿ ಮಾಡಿದ ಕೋಟು.

"ಬಕೆಟ್ ಕೆಳಗಿಡಿ," ಅಂದ.

"ಬರೀ ಐಸು ಸಾರ್."

"ಐಸಿನೊಳಗೆ ಏನಿದೆ ಅಂತ ನನಗೂ ಗೊತ್ತು."

ಗೊತ್ತಿತ್ತು. ಎರಡು ಸೀಸೆ. ಮೂರನೇ ಟ್ಯಾಂಕಿನಿಂದ, ಬ್ಯಾಚ್ ಶುರುವಾದ ಆರನೇ ಗಂಟೆಗೆ ತೆಗೆದದ್ದು ಒಂದು, ಎಂಟನೇ ಗಂಟೆಯದು ಇನ್ನೊಂದು. ಟ್ಯಾಂಕನ್ನು ಅವನು ಬೆಳಿಗ್ಗೆಯೇ ಖಾಲಿ ಮಾಡಿಸಿ ತೊಳೆಸಿದ್ದ. ಉಳಿದ ಸಾಕ್ಷಿಯೆಂದರೆ ನನ್ನ ಬಕೆಟ್.

ನನ್ನ ಕೆಲಸ ಏನೆಂದು ಹೇಳಲಿಲ್ಲ, ಅಲ್ಲವೇ? ಕಾರ್ಖಾನೆಯ ಅಂಕಿಗಳು ಸುಳ್ಳು ಹೇಳತೊಡಗಿದಾಗ ನನ್ನನ್ನು ಕರೆಸುತ್ತಾರೆ. ಇಲ್ಲಿ ಬ್ಯಾಕ್ಟೀರಿಯಾ ಸಾಕುತ್ತಾರೆ. ಹಸು ಹಾಲು ಕೊಟ್ಟ ಹಾಗೆ ಅವು ಸೋಪಿನ ಪುಡಿಗೆ ಬೇಕಾದ, ಕಲೆ ಕರಗಿಸುವ ಎನ್‌ಜೈಮ್ ಕೊಡುತ್ತವೆ. ಒಂದು ತಿಂಗಳಿಂದ ಇಳುವರಿ ಮೂರನೇ ಒಂದು ಪಾಲಿಗೆ ಇಳಿದಿತ್ತು.

ಕಳ್ಳಿ ಯಾರೆಂದು ಯಜಮಾನರು ಆಗಲೇ ತೀರ್ಮಾನಿಸಿದ್ದರು. ಲ್ಯಾಬಿನ ಅಕ್ಕ. ಹದಿನೆಂಟು ವರ್ಷದಿಂದ ಫ್ರೀಜರಿನಲ್ಲಿ ಬ್ಯಾಕ್ಟೀರಿಯಾದ ತಳಿ ಕಾಯುತ್ತಿರುವವಳು. ಒಳ್ಳೆಯ ತಳಿಯನ್ನು ಹೊರಗೆ ಮಾರಿ, ಕೈಲಾಗದ ತಳಿಯನ್ನು ಅದರ ಜಾಗದಲ್ಲಿ ಇಟ್ಟಿದ್ದಾಳಂತೆ. ಪೊಲೀಸರಿಗೆ ಕೊಡುವ ದೂರು ಟೈಪಾಗಿತ್ತು. ಹನ್ನೆರಡಕ್ಕೆ ಸಹಿ.

ಈಗ ಹನ್ನೊಂದು ನಲವತ್ತು.

ಗಂಟೆಗೊಂದು ಸೀಸೆ ಎತ್ತಿಡುವುದು ಅಕ್ಕನ ಅಭ್ಯಾಸ. ಅವು ಟ್ಯಾಂಕ್ ಹಾಲಿನ ಕೋಲ್ಡ್ ರೂಮಿನಲ್ಲಿದ್ದವು. ಇವತ್ತು ಬೆಳಿಗ್ಗೆಯಿಂದ ಅವಳಿಗೆ ಅಲ್ಲಿ ಪ್ರವೇಶ ಬಂದ್ ಆಗಿತ್ತು. ಅದಕ್ಕೇ ನಾನು ಹೋದೆ... ಸಿಕ್ಕಿಬಿದ್ದೆ.

"ಅಳಿಯಂದ್ರೇ," ಅಂದೆ, "ಆ ವಾಲ್ವು ಎಡಕ್ಕೆ ತಿರುಗತ್ತೆ. ನೀವು ಬಲಕ್ಕೆ ಹಿಡ್ಕೊಂಡಿದೀರಿ."

ಬಗ್ಗಿ ನೋಡಿದ.

ನಾನು ಓಟ ಕಿತ್ತೆ.

ಸುತ್ತು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ನನ್ನ ಮೊಣಕಾಲು ಒಂದೊಂದು ಬೈಗುಳ ಬೈಯಿತು. ಕೆಳಗೆ ಒದ್ದೆ ನೆಲ. ಹಿಂದೆ ಗಂಬೂಟಿನ ಸದ್ದು... ಆಮೇಲೆ ಜಾರಿದ ಸದ್ದು... ಆಮೇಲೆ ಬರೀ ನರಳಾಟ.

ಲ್ಯಾಬಿನಲ್ಲಿ ಅಕ್ಕ ಸೀಸೆಗಳಿಗೆ ಲೇಬಲ್ ಅಂಟಿಸುತ್ತಿದ್ದಳು.

"ಬಾಗಿಲು ಹಾಕಿ. ಧೂಳು ಬರತ್ತೆ."

"ಅಟ್ಟಿಸ್ಕೊಂಡು ಬರ್ತಿದಾರೆ ಅಕ್ಕ."

"ಬರ್ಲಿ. ಬೂಟು ಒರೆಸ್ಕೊಂಡು ಬರಕ್ಕೆ ಹೇಳಿ."

ಬಂದರು, ಮಾವ ಮತ್ತು ಅಳಿಯ. ಮಾವನ ಕೈಯಲ್ಲಿ ದೂರು, ಜೇಬಿನಲ್ಲಿ ಪೆನ್ನು. ಅಳಿಯ ಒಂದು ಮಗ್ಗುಲು ಪೂರ್ತಿ ಒದ್ದೆ.

ಮೇಜಿನ ಮೇಲಿದ್ದ ಕದಡು ಮಾಪಕದ ಕೆಲಸ ಸರಳ. ಸ್ಯಾಂಪಲ್ಲಿನ ಮೂಲಕ ಬೆಳಕು ಹಾಯಿಸುತ್ತದೆ. ಬ್ಯಾಕ್ಟೀರಿಯಾ ಹೆಚ್ಚಿದಷ್ಟೂ ಕದಡು ಹೆಚ್ಚು, ಅಂಕಿ ದೊಡ್ಡದು. ಆರನೇ ಗಂಟೆಯದನ್ನು ಇಟ್ಟೆ. ಎರಡು ಪಾಯಿಂಟ್ ಒಂದು. ಎಂಟನೇ ಗಂಟೆಯದು? ಅದೂ ಎರಡು ಪಾಯಿಂಟ್ ಒಂದು.

ಗಾಜು ಒರೆಸಿ ಮತ್ತೆ ಇಟ್ಟೆ. ಅದೇ ಅಂಕಿ.

"ನೋಡಿದ್ರಾ ಮಾವ?" ಅಳಿಯನ ಮುಖ ಅರಳಿತು. "ಆರಕ್ಕೇ ಬೆಳವಣಿಗೆ ನಿಂತಿದೆ. ನನ್ನ ಗ್ರಾಫಲ್ಲೂ ಹಾಗೇ ಇದೆ."

ಯಜಮಾನರು ಪೆನ್ನು ತೆಗೆದರು.

"ಇಷ್ಟು ಗಟ್ಟಿ ಇದ್ರೆ ಮೆಷಿನ್ನಿಗೆ ಕಣ್ಣು ಕಾಣಲ್ಲ," ಅಂದಳು ಅಕ್ಕ, ತಲೆಯೆತ್ತದೆ. "ಒಂದು ಪಾಲಿಗೆ ಹತ್ತೊಂಬತ್ತು ಪಾಲು ನೀರು ಹಾಕಿ. ಬಂದ ಅಂಕಿನ ಇಪ್ಪತ್ತರಿಂದ ಗುಣಿಸಿ."

ಹಾಕಿದೆ. ಆರನೇ ಗಂಟೆ: ಸೊನ್ನೆ ಪಾಯಿಂಟ್ ನಾಲ್ಕು. ಅಂದರೆ ಎಂಟು.

ಎಂಟನೇ ಗಂಟೆ: ಸೊನ್ನೆ ಪಾಯಿಂಟ್ ಎಂಟು. ಅಂದರೆ ಹದಿನಾರು.

"ಹಾಗಂದ್ರೆ?" ಯಜಮಾನರು ಕೇಳಿದರು.

"ಟ್ಯಾಂಕಲ್ಲಿ ಉಳಿದಿದ್ದ ಸಕ್ಕರೆ ತಿಂದೇ ದುಪ್ಪಟ್ಟು ಬೆಳೆದಿದಾವೆ ಸಾರ್," ಅಂದೆ. "ತಳಿ ಗಟ್ಟಿಮುಟ್ಟಾಗಿದೆ. ಇನ್ನೂ ಹಸಿದಿರೋರ ಮುಂದಿಂದ ತಟ್ಟೆ ಎತ್ಕೊಂಡ್ರೆ ಇಳುವರಿ ಎಲ್ಲಿಂದ ಬರತ್ತೆ? ಬೆಳವಣಿಗೆ ನಿಂತಿದೆ ಅಂದ್ಕೊಂಡು ಆರನೇ ಗಂಟೆಗೆ ಸಕ್ಕರೆ ಹಾಕೋದು ನಿಲ್ಲಿಸಿದ್ದು ಯಾರು?"

ಎಲ್ಲರೂ ಒದ್ದೆ ಕೋಟಿನ ಕಡೆ ತಿರುಗಿದರು.

"ನೀರು ಬೆರೆಸಿ ಅಳೆಯೋದು ಟೈಮ್ ವೇಸ್ಟ್ ಅಂತ..."

"ಯಾವಾಗಿಂದ?" ಯಜಮಾನರು ಕೇಳಿದರು.

"ಹೋದ ತಿಂಗಳಿಂದ. ರೀಡಿಂಗು ನಾನೇ ತಗೋತೀನಿ ಅಂದ್ನಲ್ಲ, ಆವಾಗಿಂದ."

"ತಪ್ಪು ಅಂತ ಯಾವಾಗ ಗೊತ್ತಾಯ್ತು?"

ಅವನು ನೆಲ ನೋಡಿದ. "ಹೋದ ವಾರ."

"ಇವನು ದೂರು ಬರೆಸಿದ್ದು ಮೊನ್ನೆ," ಅಂದರು ಯಜಮಾನರು, ತಮಗೆ ತಾವೇ ಹೇಳಿಕೊಂಡಂತೆ. ಕಾಗದವನ್ನು ಎರಡು ಕೈಯಲ್ಲೂ ಹಿಡಿದರು. "ತಪ್ಪಾಯ್ತಮ್ಮ. ನೀನು ಸಾಚಾ."

"ಹರೀಬೇಡಿ ಸಾರ್."

ಈಗ ಅವಳು ತಲೆಯೆತ್ತಿದಳು.

"ಒಂದೇ ಗ್ರಾಫ್ ನೋಡಿ ಕಳ್ಳಿ ಅಂದ್ರಿ. ಈಗ ಒಂದೇ ರೀಡಿಂಗ್ ನೋಡಿ ಸಾಚಾ ಅಂತೀರಿ. ಇನ್ನೆರಡು ಸಲ ಅಳೀರಿ. ನಿಮ್ಮ ಕೈಯಾರೆ."

ಯಜಮಾನರು ಅಂಗಿ ತೋಳು ಮಡಚಿ, ಅಳೆದು ಹನಿ ಹಾಕುವ ಪಿಪೆಟ್ ಹಿಡಿದರು. ಅಳಿಯ ನೀರು ಹಿಡಿದ. ನಾನು ಅಂಕಿ ಬರೆದುಕೊಂಡೆ. ಲ್ಯಾಬಿನಲ್ಲಿ ನಾಲ್ಕು ಸ್ಟೂಲುಗಳಿದ್ದವು.

ಮೂರನೇ ರೀಡಿಂಗ್ ಬರುವವರೆಗೂ ಅಕ್ಕ ನಮ್ಮಲ್ಲಿ ಒಬ್ಬರಿಗೂ ಕೂತ್ಕೊಳ್ಳಿ ಅನ್ನಲಿಲ್ಲ.